ಬಿರುಗಾಳಿಯಲ್ಲಿ ದೇವರನ್ನೇ ನಂಬಿದ ಸಂತ ಜೋಸೆಫ್ ವಾಜ್

ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಕಲಬುರಗಿಯ ತೊಗರಿ ಹೊಲಗಳ ಬದುವಿನಲ್ಲಿ ನಿಂತವರಿಗೂ, ಕಮಲಾಪುರದ ಕೆಂಪು ಬಾಳೆಯ ತೋಟಗಳಲ್ಲಿ ಬಾವಿಯ ನೀರು ಇಳಿಯುವುದನ್ನು ಕಂಡವರಿಗೂ ಮುಗಿಲು ನೋಡುವ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀವನದ ಬಿರುಗಾಳಿ ಎಂದೂ ಒಂದೇ ರೂಪದಲ್ಲಿ ಬರುವುದಿಲ್ಲ. ಕೆಲವರಿಗೆ ಅದು ಬರಗಾಲ, ಕೆಲವರಿಗೆ ರೋಗ, ಕೆಲವರಿಗೆ ಸುಳ್ಳು ಆರೋಪ. ಇವೆಲ್ಲವನ್ನೂ ಕಂಡು, ದೇವರ ಮೇಲಿನ ಭರವಸೆಯನ್ನು ಕಳೆದುಕೊಳ್ಳದ ಸಂತ ಜೋಸೆಫ್ ವಾಜರನ್ನು ನಾವು ಸ್ಮರಿಸುವುದು ಉಚಿತವೇ ಆಗಿದೆ.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿದರು. 1676ರಲ್ಲಿ ಗುರುದೀಕ್ಷೆ ಪಡೆದರು. ಅಂದಿನ ಸಿಂಹಳದ್ವೀಪದಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಬಲಿಪೂಜೆಯಿಲ್ಲದೆ, ಪವಿತ್ರ ಸಂಸ್ಕಾರಗಳಿಲ್ಲದೆ ವಿಶ್ವಾಸಿಗಳು ಅನಾಥರಾಗಿದ್ದರು. ಅಲ್ಲಿಗೆ ಹೋಗಬೇಕೆಂಬುದು ಈ ಯುವ ಗುರುವಿನ ಹಂಬಲವಾಗಿತ್ತು. ಆದರೆ 1681ರಲ್ಲಿ ಮೇಲಿನವರು ಅವರನ್ನು ಕಳುಹಿಸಿದ್ದು ನಮ್ಮ ಕನ್ನಡ ಕರಾವಳಿಗೆ. ಅವರು ಮರುಮಾತಾಡದೆ ಬಂದರು. ಮಂಗಳೂರು, ಬಸ್ರೂರು, ಕಲ್ಯಾಣಪುರ ಮೊದಲಾದೆಡೆ ಸಂಚರಿಸಿ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು, ಚದುರಿದ ಜನರನ್ನು ಒಂದುಗೂಡಿಸಿದರು. ಧರ್ಮಸಭೆಯೊಳಗಿನ ಅಧಿಕಾರದ ಜಗಳ ಅಲ್ಲಿ ತೀವ್ರವಾಗಿದ್ದರೂ ಅವರು ತಾಳ್ಮೆಯಿಂದ ಸೇವೆಯನ್ನೇ ಮುಂದುವರಿಸಿದರು. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಜನರು ಇಂದಿಗೂ ಅವರ ಪ್ರಾರ್ಥನೆಯ ನೆನಪಿಗಾಗಿ ಕೂಡುತ್ತಾರೆ.

ಗೋವೆಗೆ ಮರಳಿ 1685ರಲ್ಲಿ ಗುರುಗಳ ಒಂದು ಚಿಕ್ಕ ಸಂಘವನ್ನು ಸೇರಿದ ವಾಜರು ಅದಕ್ಕೆ ಮುಖ್ಯಸ್ಥರಾದರು. ಆದರೂ ಸಿಂಹಳದ ಕರೆ ಅವರನ್ನು ಬಿಡಲಿಲ್ಲ. ಜಾನ್ ಎಂಬ ಸೇವಕನೊಡನೆ ಹೊರಟು 1687ರಲ್ಲಿ ತೂತುಕುಡಿಯಿಂದ ಕೂಲಿಯವನ ವೇಷದಲ್ಲಿ ಹಡಗು ಹತ್ತಿದರು. ಕಡಲು ಕೆರಳಿತು, ಹಡಗು ದಾರಿ ತಪ್ಪಿತು, ಆಹಾರ ಮುಗಿಯಿತು. ಹೇಗೋ ದಡ ಸೇರಿ ಯಾಳ್ಪಾಣ ತಲುಪಿದಾಗ ಕಾಯಿಲೆ ಅವರನ್ನು ನೆಲಕ್ಕೆ ಕೆಡವಿತು. ಚೇತರಿಸಿಕೊಂಡೊಡನೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಯಲ್ಲೂ ಭಿಕ್ಷೆ ಬೇಡಿದರು. ಜಪಸರವನ್ನು ಕಂಡು ಯಾರ ಕಣ್ಣು ಅರಳಿತೋ ಅವರೇ ತಮ್ಮವರೆಂದು ಗುರುತಿಸಿದರು. ರಾತ್ರಿಯ ಹೊತ್ತಿನಲ್ಲಿ, ಅಡಗುದಾಣಗಳಲ್ಲಿ ಬಲಿಪೂಜೆ ಮತ್ತೆ ಆರಂಭವಾಯಿತು.

1692ರಲ್ಲಿ ಕ್ಯಾಂಡಿಯ ರಾಜ್ಯಕ್ಕೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಅಪವಾದ ಹೊತ್ತು ಸೆರೆಮನೆ ಸೇರಿದರು. ಅಲ್ಲಿಯೂ ಕಾಲವನ್ನು ವ್ಯರ್ಥ ಮಾಡದೆ ಸಿಂಹಳ ಭಾಷೆಯನ್ನು ಕಲಿತರು, ಗುಡಿಸಲೊಂದನ್ನು ಕಟ್ಟಿ ಪ್ರಾರ್ಥನಾಲಯ ಮಾಡಿಕೊಂಡರು. 1696ರಲ್ಲಿ ಆ ನಾಡಿಗೆ ಘೋರ ಬರಗಾಲ ಬಂದಿತು. ಎರಡನೆಯ ವಿಮಲಧರ್ಮಸೂರ್ಯ ಅರಸನ ಕೋರಿಕೆಯಂತೆ ವಾಜರು ಬಯಲಿನಲ್ಲಿ ಪೀಠವನ್ನು ಸಿದ್ಧಪಡಿಸಿ, ಶಿಲುಬೆಯನ್ನು ನಿಲ್ಲಿಸಿ ಮೊಣಕಾಲೂರಿದರು. ಧಾರಾಕಾರವಾಗಿ ಮಳೆ ಸುರಿಯಿತೆಂದೂ, ಪೀಠ ಮಾತ್ರ ನೆನೆಯಲಿಲ್ಲವೆಂದೂ ಪರಂಪರೆ ಹೇಳುತ್ತದೆ. ಅರಸನು ಅವರಿಗೆ ಧರ್ಮಬೋಧನೆಯ ಸ್ವಾತಂತ್ರ್ಯವನ್ನಿತ್ತನು.

ಕಥೆ ಇಲ್ಲಿಗೇ ಮುಗಿದಿದ್ದರೆ, ನಂಬಿದವರಿಗೆ ಬೇಡಿದ್ದೆಲ್ಲ ದೊರೆಯುವುದೆಂದು ನಾವು ತಪ್ಪಾಗಿ ತಿಳಿಯುತ್ತಿದ್ದೆವೇನೋ. ಮರುವರ್ಷವೇ, 1697ರಲ್ಲಿ, ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಈ ಬಾರಿ ಆಕಾಶದಿಂದ ಪರಿಹಾರ ಇಳಿಯಲಿಲ್ಲ. ಉಳ್ಳವರು ಊರು ಬಿಟ್ಟರು, ರೋಗಿಗಳು ಕಾಡುಪಾಲಾದರು. ವಾಜರು ಹೊಸದಾಗಿ ಬಂದಿದ್ದ ತಮ್ಮ ಸೋದರಳಿಯ ಜೋಸೆಫ್ ಕರ್ವಾಲೊ ಗುರುಗಳೊಡನೆ ಆ ರೋಗಿಗಳ ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಹೂಳಿದರು. ಮಳೆ ಬಂದಾಗ ಇದ್ದ ನಂಬಿಕೆಯೇ ರೋಗ ಬಿಡದಿದ್ದಾಗಲೂ ಇತ್ತು. ಅಂದು ಅದು ಮೊಣಕಾಲೂರಿತ್ತು, ಇಂದು ಎದ್ದು ಸೇವೆಗೆ ಹೊರಟಿತ್ತು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ದೈವಾಧೀನರಾದರು. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಕೊಲಂಬೊದಲ್ಲಿ ಸಂತರೆಂದೂ ಘೋಷಿಸಿದರು.

2005ರಲ್ಲಿ ಸ್ಥಾಪಿತವಾದ ನಮ್ಮ ಕಲಬುರಗಿ ಧರ್ಮಪ್ರಾಂತ್ಯದ ಮೊದಲ ಧರ್ಮಾಧ್ಯಕ್ಷರು, ವಾಜರು ನಡೆದಾಡಿದ ಆ ಕರಾವಳಿಯಿಂದಲೇ ಬಂದವರು. ಅಂದು ಅಲ್ಲಿ ಉಳಿಸಿದ ದೀಪದ ಬೆಳಕು ಈ ಬಿಸಿಲುನಾಡಿಗೂ ಬಂದಿದೆ. ಗಲಿಲೇಯದ ದೋಣಿಯಲ್ಲಿ ಪ್ರಭು ನಿದ್ರಿಸುತ್ತಿದ್ದಾಗಲೂ ಶಿಷ್ಯರ ಜೊತೆಯಲ್ಲಿಯೇ ಇದ್ದರು. ನಮ್ಮ ಮನೆಗಳಲ್ಲಿ ಬೆಳೆ ಹೋದಾಗ, ಹಾಸಿಗೆ ಹಿಡಿದವರು ಏಳದಿದ್ದಾಗ ನಾವು ಇದನ್ನು ನೆನೆಯೋಣ. ಮಳೆಗಾಗಿ ಬೇಡೋಣ. ಮಳೆ ತಡವಾದರೂ ನೆರೆಮನೆಯ ರೋಗಿಗೆ ಗಂಜಿ ಒಯ್ಯುವುದನ್ನು ನಿಲ್ಲಿಸದಿರೋಣ. ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.