ಖಾನ್‌ಸಾಹೇಬರ ಬಿಡಾರ

ಮುಂಬಯಿಯಲ್ಲಿ ಸಮುದ್ರದ ದಂಡಿಗೆ ತಾಜಮಹಲ್ ಹೋಟೆಲು ತೆರೆದದ್ದು 1903ರಲ್ಲಿ. ಕಿಡಕಿ ತೆಗೆದರೆ ಎದುರಿಗೇ ನೀರು. ರಾಜರು, ಸಾಹೇಬರು ಇಳಿಯುವ ಜಾಗ. ನಮ್ಮ ಕುಂದಗೋಳಕ್ಕೆ ಸಮುದ್ರ ಎಲ್ಲಿಂದ ಬರಬೇಕು? ಎರೆಹೊಲ, ಮೆಣಸಿನಕಾಯಿ, ಧೂಳು, ಇಷ್ಟ. ಆದರೂ ಬರೋಡಾ, ಮೈಸೂರು ದರ್ಬಾರುಗಳಲ್ಲಿ ಹಾಡಿದ ಉಸ್ತಾದ ಅಬ್ದುಲ್ ಕರೀಮ್ ಖಾನರು ಬಂದು ಇಳಿಯುತ್ತಿದ್ದದ್ದು ಇಲ್ಲಿಯ ನಾಡಿಗೇರ ವಾಡೆಯಲ್ಲಿ.

ಖಾನ್‌ಸಾಹೇಬರು ಹುಟ್ಟಿದ್ದು 1872ರಲ್ಲಿ, ಉತ್ತರ ಪ್ರದೇಶದ ಕೈರಾನಾದಲ್ಲಿ. ಕಿರಾಣಾ ಘರಾಣೆ ಅನ್ನುವುದು ಆ ಊರ ಹೆಸರಿನಿಂದಲೇ. ಕಿರಾಣಿ ಅಂಗಡಿಗೂ ಅದಕ್ಕೂ ಸಂಬಂಧ ಇಲ್ಲ, ಅಂಗಡಿಕಾರ ಮಿತ್ರರು ತಪ್ಪು ತಿಳಿಯಬಾರದು. ಬರೋಡಾದಲ್ಲಿದ್ದಾಗ ಶಿಷ್ಯೆ ತಾರಾಬಾಯಿಯವರ ಜೋಡಿ ಪ್ರೀತಿ ಬೆಳೆದು, ದರ್ಬಾರು ಬಿಟ್ಟು ಇಬ್ಬರೂ ಮುಂಬಯಿಗೆ ಹೋದರು. ಹೀರಾಬಾಯಿ ಬಡೋದೇಕರ್ ಇವರ ಮಗಳು. ಮುಂದೆ ಪುಣೆಯಲ್ಲಿ ಸಂಗೀತ ಶಾಲೆ, ಕೊನೆಗೆ ಮಿರಜದಲ್ಲಿ ಮನೆ. ಮಿರಜದಿಂದ ಮೈಸೂರಿಗೆ ಹೋಗುವವರಿಗೆ ನಮ್ಮ ಸೀಮೆ ದಾರಿಯಲ್ಲೇ ಸಿಗುತ್ತದಲ್ಲ!

ವಾಡೆಯ ಕಾರಕೂನರ ಮಗ ರಾಮಭಾವು, 1886ರಲ್ಲಿ ಅಮರಗೋಳದಲ್ಲಿ ಹುಟ್ಟಿದವ. ಹುಡುಗನಿಗೆ ಸಾಲಿಯಾಗ ಮನಸ್ಸು ನಿಲ್ಲಲಿಲ್ಲ, ಹಾಡಿನಾಗ ನಿಂತಿತು. ಖಾನ್‌ಸಾಹೇಬರು ಅವನನ್ನು ಶಿಷ್ಯನಾಗಿ ಹಿಡಿದು ವರ್ಷಗಟ್ಟಲೆ ಸ್ವರ ತಿದ್ದಿದರು. ವಯಸ್ಸಿಗೆ ಬಂದಾಗ ದನಿ ಒಡೆದು ಗಡಸಾಯಿತು. ಆದರೂ ಹುಡುಗ ತಂಬೂರಿ ಕೆಳಗೆ ಇಡಲಿಲ್ಲ. ನಂತರ ಅವನು ಮರಾಠಿ ನಾಟಕ ಕಂಪನಿ ಸೇರಿದ್ದು ಗುರುವಿಗೆ ಹಿಡಿಸಲಿಲ್ಲವಂತೆ. ಜನ ಮಾತ್ರ ಆ ಸ್ತ್ರೀಪಾತ್ರಗಳ ಹಾಡಿಗೆ ಮರುಳಾಗಿ ಸವಾಯಿ ಗಂಧರ್ವ ಎಂದು ಬಿರುದು ಕೊಟ್ಟರು. ಬಾಲಗಂಧರ್ವ ಒಂದು ರೂಪಾಯಿ ಆದರೆ ಈತ ಒಂದೂಕಾಲು ಎಂದು ಲೆಕ್ಕ.

ವಾಡೆಯಲ್ಲಿ ಉಂಡದ್ದಕ್ಕೆ, ಮಲಗಿದ್ದಕ್ಕೆ ಬಿಲ್ಲು ಇರಲಿಲ್ಲ. ಲೆಕ್ಕ ಹಾಕುವುದಾದರೆ ಈ ಶಿಷ್ಯನನ್ನೇ ಹಾಕಬೇಕು.

1937ರ ಅಕ್ಟೋಬರದಲ್ಲಿ ಖಾನ್‌ಸಾಹೇಬರು ಮದ್ರಾಸಿನಿಂದ ಪಾಂಡಿಚೇರಿಗೆ ರೈಲು ಹತ್ತಿದರು. ಸಮುದ್ರದ ದಂಡೆಯ ಊರು, ಅರವಿಂದರ ಆಶ್ರಮ ಇರುವ ಊರು. ದಾರಿಯಲ್ಲಿ ಎದೆನೋವು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಟೇಶನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೇ ಹಾಸಿಗೆ ಹಾಸಿಸಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ದೇವರನ್ನು ನೆನೆದು ಹಾಡಿದರು. ಹಾಡು ಮುಗಿಸಿ ಮಲಗಿದವರು ಏಳಲಿಲ್ಲ. ಅರಮನೆಗಳಲ್ಲಿ ಇಳಿದುಕೊಂಡವರಿಗೆ ಕಡೆಯ ಬಿಡಾರ ರೈಲು ಟೇಶನ್ನು. ಸಮುದ್ರ ಇನ್ನೂ ದೂರ ಇತ್ತು. ಅವರ ಗೋರಿ ಮಿರಜದ ದರ್ಗಾದಲ್ಲಿದೆ.

ಅದೇ ಹೊತ್ತಿಗೆ ಕುಂದಗೋಳದಲ್ಲಿ ಗದಗಿನ ಕಡೆಯ ಹುಡುಗ ಭೀಮಸೇನ ಜೋಶಿ, ರಾಮಭಾವು ಅವರ ಮನೆಗೆ ಕೊಡದಾಗ ನೀರು ಹೊತ್ತು ಪಾಠ ಹೇಳಿಸಿಕೊಳ್ಳುತ್ತಿದ್ದ. ಮುಂದೆ ಗಂಗೂಬಾಯಿ ಹಾನಗಲ್ ಅವರೂ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಬಂದು, ಕಲಿತು, ರೈಲಿಗೇ ಮರಳುತ್ತಿದ್ದರು.