ಚಳಿಗೆ ಹೊಸ ಹೆಸರಿಟ್ಟ ಟೋಲ್ಕಿನ್

ಯಾವ ಊರಲ್ಲೂ ಯಾರೂ ಆಡದ ಭಾಷೆಯಲ್ಲಿ ಚಳಿಗಾಲಕ್ಕೆ ಹೆಸರಿಟ್ಟವರೊಬ್ಬರಿದ್ದರು. ಇಂಗ್ಲೆಂಡಿನ ಕಥೆಗಾರ ಜೆ. ಆರ್. ಆರ್. ಟೋಲ್ಕಿನ್. ಅವರ ಬಗ್ಗೆ ಓದಿದ್ದನ್ನು ಬರೆಯುತ್ತೇನೆ.

ಅವರು ಹುಟ್ಟಿದ್ದು 1892ರ ಜನವರಿ 3ರಂದು, ದಕ್ಷಿಣ ಆಫ್ರಿಕದಲ್ಲಿ. ನಾಲ್ಕು ವರ್ಷಕ್ಕೇ ತಂದೆ ತೀರಿಕೊಂಡರು. ಮನೆಯಲ್ಲೇ ಲ್ಯಾಟಿನ್ ಕಲಿಸಿದ ತಾಯಿಯೂ 1904ರಲ್ಲಿ ಹೋದರು. ಆಗ ಅವರಿಗೆ ಹನ್ನೆರಡು, ನನಗಿಂತ ಒಂದು ವರ್ಷ ಚಿಕ್ಕವರು. ಹುಡುಗರಿದ್ದಾಗಲೇ ನೆಂಟರ ಹುಡುಗಿಯರ ಜೊತೆ ಸೇರಿ ಗುಟ್ಟಿನ ಭಾಷೆ ಕಟ್ಟಿ ಆಡ್ತಿದ್ರಂತೆ. ಆ ಹುಚ್ಚು ಕೊನೆತನಕ ಬಿಡಲಿಲ್ಲ.

1916ರಲ್ಲಿ ಫ್ರಾನ್ಸಿಗೆ ಯುದ್ಧಕ್ಕೆ ಹೋದರು. ಹೇನಿನಿಂದ ಬರುವ ಜ್ವರ ಹಿಡಿದು ವಾಪಸು ಬಂದರು. ನಾಲ್ಕು ಜನ ಆಪ್ತ ಗೆಳೆಯರ ಗುಂಪಿನಲ್ಲಿ ಇಬ್ಬರು ಅದೇ ವರ್ಷ ಸತ್ತರು.

ಯುದ್ಧ ಮುಗಿದ ಮೇಲೆ ಆಕ್ಸ್‌ಫರ್ಡಿನ ದೊಡ್ಡ ಇಂಗ್ಲಿಷ್ ನಿಘಂಟಿನ ಕೆಲಸ ಸಿಕ್ಕಿತು. ಯಾವ ಪದ ಎಲ್ಲಿಂದ ಬಂತು ಅಂತ ಹುಡುಕುವ ಕೆಲಸ. ಅವರ ಪಾಲಿಗೆ ಬಂದ ಪದಗಳಲ್ಲಿ ವಿಂಟರ್, ಅಂದರೆ ಚಳಿಗಾಲ, ಅದೂ ಒಂದು!

ಇತ್ತ ತಮ್ಮದೇ ಭಾಷೆಗಳನ್ನೂ ಬೆಳೆಸುತ್ತಿದ್ದರು. ಕ್ವೆನ್ಯ ಮತ್ತು ಸಿಂಡರಿನ್ ಅಕ್ಕತಂಗಿ ಭಾಷೆಗಳು. ಕ್ವೆನ್ಯದಲ್ಲಿ ಮಂಜುಗಡ್ಡೆಗೆ ಹೆಲ್ಕೆ, ಸಿಂಡರಿನ್‌ನಲ್ಲಿ ಹೆಲೆಗ್. ನಮ್ಮ ಹಾಲು ತಮಿಳಲ್ಲಿ ಪಾಲ್ ಆಗಿರೋ ಹಾಗೆ. ಸುಮ್ಮನೆ ಬಾಯಿಗೆ ಬಂದ ಹೆಸರಲ್ಲ, ಹಳೇ ಬೇರು ಯಾವುದು, ಅದು ಹೇಗೆ ಸವೆಯಿತು ಎಂದು ಲೆಕ್ಕ ಹಾಕಿ ಇಟ್ಟದ್ದು. ಬಿದ್ದು ಬಹಳ ದಿನ ಕರಗದ ಹಿಮಕ್ಕೆ ಸಿಂಡರಿನ್‌ನಲ್ಲಿ ಲೊಸ್. ಅಂಥ ಹಿಮದಲ್ಲಿ ಬಾಳುವ ಜನಕ್ಕೆ ಲೊಸ್ಸೋತ್.

ನಮ್ಮ ಹಾಗೇ ಅವರ ಎಲ್ಫ್ ಜನಕ್ಕೂ ಆರು ಋತು. ಆದರೆ ದಿನಗಳು ಸಮ ಅಲ್ಲ. ಚಳಿಗಾಲ ಹ್ರೀವೆ, 72 ದಿನ. ಅದಕ್ಕೆ ಮುಂಚೆ ಎಲ್ಲಾ ಬಾಡುವ ಕ್ವೆಲ್ಲೆ, ಆಮೇಲೆ ನೆಲ ಮಿಸುಕಾಡುವ ಕೊಯ್ರೆ, ತಲಾ 54 ದಿನ. ನನಗೆ ಕೊಯ್ರೆ ಬಹಳ ಇಷ್ಟ.

ಅವರಿಗೆ ಭಾಷೆ ಮೊದಲು, ಕಥೆ ಆಮೇಲೆ. ಹೆಲ್ಕೆಯಿಂದಲೇ ಹೆಲ್ಕರಾಕ್ಸೆ ಎಂಬ ಜಾಗದ ಹೆಸರು ಬಂತು. ಅಲ್ಲಿ ಮಂಜುಗಡ್ಡೆಗಳು ಒಂದಕ್ಕೊಂದು ಉಜ್ಜಿ ಅರೆಯುತ್ತವೆ. ಅದನ್ನು ದಾಟುವಾಗ ಎಷ್ಟೋ ಎಲ್ಫ್‌ಗಳು ಸಾಯುತ್ತಾರೆ. ದಿ ಹಾಬಿಟ್ 1937ರಲ್ಲಿ, ದಿ ಲಾರ್ಡ್ ಆಫ್ ದಿ ರಿಂಗ್ಸ್ 1954-55ರಲ್ಲಿ ಅಚ್ಚಾದವು. ಹೆಲ್ಕರಾಕ್ಸೆ ದಾಟುವ ಕಥೆ ಮಾತ್ರ ತಿದ್ದಿ ತಿದ್ದಿ ಹಾಗೇ ಉಳಿಯಿತು. 1973ರ ಸೆಪ್ಟೆಂಬರ್ 2ರಂದು ಟೋಲ್ಕಿನ್ ತೀರಿಕೊಂಡರು. ಮಗ ಕ್ರಿಸ್ಟೋಫರ್ ಅಪ್ಪನ ಹಾಳೆಗಳನ್ನೆಲ್ಲ ಜೋಡಿಸಿ 1977ರಲ್ಲಿ ಆ ಪುಸ್ತಕ ತಂದರು. ಹೆಸರು ದಿ ಸಿಲ್ಮರಿಲಿಯನ್.