ಏಳು ಕುರ್ಚಿಗಳ ಕೊಠಡಿ ಕಟ್ಟಿಸಿದ ಸ್ಟಾಫರ್ಡ್ ಬಿಯರ್

ಗೋಡೆಯ ತುಂಬ ಪರದೆಗಳು, ನಡುವೆ ಏಳು ತಿರುಗುಕುರ್ಚಿಗಳು, ಕುರ್ಚಿಯ ತೋಳಿನಲ್ಲೇ ಗುಂಡಿಗಳು. ಷೇರು ವಹಿವಾಟಿನ ಕಚೇರಿಗಳಲ್ಲಿ, ಪೊಲೀಸ್ ನಿಯಂತ್ರಣ ಕೊಠಡಿಗಳಲ್ಲಿ ಬಹುಪರದೆಯ ವ್ಯವಸ್ಥೆ ಈಗ ಯಾರಿಗೂ ಅಚ್ಚರಿಯಲ್ಲ. ಆದರೆ ದಕ್ಷಿಣ ಅಮೆರಿಕದ ಚಿಲಿ ದೇಶದ ರಾಜಧಾನಿ ಸ್ಯಾಂಟಿಯಾಗೊದಲ್ಲಿ ಇಂಥದೊಂದು ಕೊಠಡಿ ಸಿದ್ಧವಾದದ್ದು 1972ರ ಕೊನೆಯಲ್ಲಿ. ಅದರ ರೂವಾರಿ ಬ್ರಿಟನ್ನಿನ ಸ್ಟಾಫರ್ಡ್ ಬಿಯರ್.

1926ರಲ್ಲಿ ಲಂಡನ್ನಿನಲ್ಲಿ ಜನಿಸಿದ ಬಿಯರ್, ತತ್ವಶಾಸ್ತ್ರದ ವ್ಯಾಸಂಗವನ್ನು ಅರ್ಧಕ್ಕೇ ತೊರೆದು ಸೇನೆ ಸೇರಿದರು; 1947ರವರೆಗೆ ಭಾರತದಲ್ಲಿದ್ದರು. ಬಳಿಕ ಉಕ್ಕಿನ ಉದ್ಯಮದಲ್ಲಿ ದುಡಿಯುತ್ತ, ನಿಯಂತ್ರಣ ಹಾಗೂ ಸಂವಹನದ ಶಾಸ್ತ್ರವಾದ ಸೈಬರ್ನೆಟಿಕ್ಸನ್ನು ಆಡಳಿತಕ್ಕೆ ಅನ್ವಯಿಸಿ ಹೆಸರು ಮಾಡಿದರು.

1971ರಲ್ಲಿ ಅಧ್ಯಕ್ಷ ಸಾಲ್ವಡಾರ್ ಅಲೆಂಡೆ ಅವರ ಸಮಾಜವಾದಿ ಸರ್ಕಾರ ಕಾರ್ಖಾನೆಗಳನ್ನು ಒಂದೊಂದಾಗಿ ರಾಷ್ಟ್ರೀಕರಣಗೊಳಿಸುತ್ತಿತ್ತು. ಅವುಗಳ ನಿರ್ವಹಣೆಗೆ ನೆರವಾಗುವಂತೆ ಯುವ ಅಧಿಕಾರಿ ಫರ್ನಾಂಡೊ ಫ್ಲೋರೆಸ್ ಬಿಯರ್‌ಗೆ ಪತ್ರ ಬರೆದರು. ಹೀಗೆ ಹುಟ್ಟಿದ್ದು ಸೈಬರ್‌ಸಿನ್ ಯೋಜನೆ. ಕಾರ್ಖಾನೆಗಳ ಅಂಕಿ-ಅಂಶಗಳು ಟೆಲೆಕ್ಸ್ ಮೂಲಕ ರಾಜಧಾನಿಗೆ ಬರಬೇಕು, ಗಣಕಯಂತ್ರ ಅವನ್ನು ವಿಶ್ಲೇಷಿಸಬೇಕು, ಫಲಿತಾಂಶ ಕೊಠಡಿಯ ಪರದೆಗಳಲ್ಲಿ ಕಾಣಬೇಕು ಎಂಬುದು ಉದ್ದೇಶ.

ಕೊಠಡಿಯ ವಿನ್ಯಾಸ ಜರ್ಮನಿಯ ಗುಯಿ ಬೊನ್ಸಿಯೆಪೆ ತಂಡದ್ದು. ಷಟ್ಕೋನಾಕಾರದ ಆ ಕೋಣೆಯಲ್ಲಿ ಮೇಜಿರಲಿಲ್ಲ, ಕಾಗದಕ್ಕೆ ಎಡೆಯಿರಲಿಲ್ಲ. ಕೀಲಿಮಣೆಯೂ ಇರಲಿಲ್ಲ. ಟೈಪಿಂಗ್ ಬಾರದ ಮಂತ್ರಿಗಳೂ, ಮುಂದೊಂದು ದಿನ ಕಾರ್ಮಿಕರ ಸಮಿತಿಗಳೂ ನೇರವಾಗಿ ಬಳಸಲೆಂದು ದೊಡ್ಡ ಗುಂಡಿಗಳನ್ನೇ ಇರಿಸಲಾಯಿತು. ಇನ್ನು ಪರದೆಗಳ ವಿಷಯ. ಗುಂಡಿ ಒತ್ತಿದರೆ ಅಲ್ಲಿ ಮೂಡುತ್ತಿದ್ದುದು ಗಣಕದ ಚಿತ್ರವಲ್ಲ; ಕಲಾವಿದರು ಕೈಯಿಂದ ಬಿಡಿಸಿ, ಪ್ರೊಜೆಕ್ಟರಿಗೆ ಹಾಕಿಟ್ಟ ಸ್ಲೈಡುಗಳು! ಇದನ್ನು ಮೋಸವೆನ್ನುವಂತಿಲ್ಲ. ಕೈಗೆ ಸಿಕ್ಕ ತಂತ್ರಜ್ಞಾನದ ಮಿತಿ ಅಷ್ಟೇ ಇತ್ತು.

ನಿಜವಾದ ಪರೀಕ್ಷೆ ಎದುರಾದದ್ದು ಕೊಠಡಿ ಪೂರ್ಣಗೊಳ್ಳುವ ಮೊದಲೇ. 1972ರ ಅಕ್ಟೋಬರಿನಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿ ದೇಶದ ಸರಕು ಸಾಗಣೆಯನ್ನು ಸ್ತಬ್ಧಗೊಳಿಸಿದರು. ಎಲ್ಲಿ ಲಾರಿ ಉಳಿದಿದೆ, ಯಾವ ರಸ್ತೆ ತೆರೆದಿದೆ, ಎಲ್ಲಿ ಆಹಾರ ತೀರಿದೆ ಎಂಬ ಸುದ್ದಿ ಟೆಲೆಕ್ಸ್‌ನಲ್ಲಿ ಹಗಲಿರುಳೂ ಹರಿದುಬಂತು. ಉಳಿದಿದ್ದ ಕೆಲವೇ ಲಾರಿಗಳಿಂದ ಸರ್ಕಾರ ಅಗತ್ಯ ವಸ್ತುಗಳನ್ನು ಸಾಗಿಸಿ ಉಸಿರುಳಿಸಿಕೊಂಡಿತು. ಛಾಯಾಚಿತ್ರಗಳಲ್ಲಿ ಮೆರೆಯುವ ಆ ಕೊಠಡಿಗಿಂತ, ಸದ್ದು ಮಾಡುವ ಹಳೆಯ ಟೆಲೆಕ್ಸ್ ಯಂತ್ರಗಳೇ ಅಂದು ಕೆಲಸಕ್ಕೆ ಬಂದವು.

ಕೊಠಡಿಯನ್ನು ಅಧ್ಯಕ್ಷರ ಅರಮನೆಗೆ ಸ್ಥಳಾಂತರಿಸುವಂತೆ 1973ರ ಸೆಪ್ಟೆಂಬರ್ 8ರಂದು ಅಲೆಂಡೆ ಸೂಚಿಸಿದರು. ಮೂರೇ ದಿನದಲ್ಲಿ ಸೇನಾದಂಗೆ ನಡೆಯಿತು. ಅಲೆಂಡೆ ಅಸುನೀಗಿದರು, ಫ್ಲೋರೆಸ್ ಸೆರೆಮನೆ ಸೇರಿದರು. ಸೈನಿಕ ಆಡಳಿತ ಕೊಠಡಿಯನ್ನು ನಾಶಪಡಿಸಿತು.

ಆಗ ಚಿಲಿಯಲ್ಲಿರದ ಬಿಯರ್ ಬದುಕುಳಿದರೂ ಮೊದಲಿನಂತಾಗಲಿಲ್ಲ. ಐಷಾರಾಮಿ ಜೀವನವನ್ನು ತ್ಯಜಿಸಿ ವೇಲ್ಸ್‌ನ ಗ್ರಾಮಾಂತರದಲ್ಲಿ ಕಲ್ಲಿನ ಪುಟ್ಟ ಮನೆಯೊಂದರಲ್ಲಿ ನೆಲೆಸಿದರು. ಕೆನಡಾದ ಟೊರಾಂಟೊದಲ್ಲಿ 2002ರ ಆಗಸ್ಟ್ 23ರಂದು ನಿಧನರಾದರು.